ಹಿರೋಳ್ಳಿ ಸೀಮೆಯ ಪಾಲುಬೆಲೆ ಮೀಮಾಂಸೆ

ಸೂತ್ರ: ಕೇಳುವ ಬಾಯಿ ಎಷ್ಟೋ, ಹೊಲಕ್ಕೆ ಬೆಲೆಯೂ ಅಷ್ಟು.

ವ್ಯಾಖ್ಯಾನ: ಅಪ್ಪ ತೀರಿಕೊಂಡು ದಿವಸದ ಊಟ ಮುಗಿದು, ಬೀಗರು ಬಸ್ಸು ಹತ್ತಿದ ಮೇಲೆ ಆಳಂದ ತಾಲ್ಲೂಕಿನ ಹಿರೋಳ್ಳಿಯಂಥ ಊರಲ್ಲಿ ಈ ಶಾಸ್ತ್ರ ಹುಟ್ಟುತ್ತದೆ. ಇದರ ಮೂಲಪುರುಷ ವಿಜ್ಞಾನೇಶ್ವರ. ಆರನೇ ವಿಕ್ರಮಾದಿತ್ಯನ (1076–1126) ಕಾಲಕ್ಕೆ ಕಲ್ಯಾಣದಲ್ಲಿ ಕೂತು ಮಿತಾಕ್ಷರ ಬರೆದ ಆ ಮಹಾನುಭಾವ, ಮಗ ಹುಟ್ಟುತ್ತಲೇ ಪಿತ್ರಾರ್ಜಿತಕ್ಕೆ ಹಕ್ಕುದಾರ ಎಂದ. ಹಿರಿಯನಿಗೆ ಹೆಚ್ಚು ಕೊಡುವುದನ್ನು ಲೋಕ ಒಪ್ಪದೆಂದು ಸಮಪಾಲು ಸಾರಿದ. ತಗ್ಗಿನ ಎರಿಯನ್ನೂ ದಿಬ್ಬದ ಮಸಾರಿಯನ್ನೂ ಸಮ ಮಾಡುವ ಕೆಲಸ ಮಾತ್ರ ಊರ ಪಂಚರ ತಲೆಗೆ ಬಂತು.

ಪಂಚರ ವಿಧಾನ ಸರಳ. ಕೆಳಗಿನ ಹೊಲಕ್ಕೆ ಬಾವಿಯಿದ್ದರೆ ಮೇಲಿನವನಿಗೆ ಹತ್ತು ಗುಂಟೆ ಹೆಚ್ಚು. ಬದುವಿನ ಬೇವಿನ ಗಿಡ ಬೇರು ಇದ್ದವನಿಗೋ ನೆರಳು ಬಿದ್ದವನಿಗೋ ಎಂಬುದಕ್ಕೆ ಒಂದು ಮಧ್ಯಾಹ್ನ. ಆಮೇಲೆ ಚೀಟಿ. ಚೀಟಿ ಎತ್ತುವವರೆಗೂ ಎಲ್ಲ ಹೊಲವೂ ಬಂಗಾರ. ಎತ್ತಿದ ಮರುಕ್ಷಣ ತನ್ನ ಪಾಲಿಗೆ ಬಂದದ್ದು ಬರೀ ಕಲ್ಲು.

“ತಮ್ಮಾ, ನಿನ್ನ ಪಾಲಿಗಿ ತೊಗರಿ ಹೊಲ ಬಂದದ.”

“ಅಣ್ಣಾ, ಅಷ್ಟ ಛಲೋ ಇದ್ರ ನೀನೇ ತೊಗೊ, ನನಗ ರಸ್ತೆದ್ದು ಕೊಡು.”

ಅಣ್ಣನ ಮೌನವನ್ನು ಶಾಸ್ತ್ರಜ್ಞರು ‘ಮಾರುಕಟ್ಟೆ ದರ’ ಎನ್ನುತ್ತಾರೆ.

ಪೂರ್ವಪಕ್ಷ: ಬೆಲೆ ಕಟ್ಟಲು ಸರ್ಕಾರ ಇಲ್ಲವೇ? ಉತ್ತರ: ಸತ್ತವರ ಆಸ್ತಿಯ ಬೆಲೆ ಹಿಡಿದು ತೆರಿಗೆ ವಸೂಲು ಮಾಡುತ್ತಿದ್ದ ಎಸ್ಟೇಟ್ ಡ್ಯೂಟಿ 1953ರಲ್ಲಿ ಬಂದು 1985ರಲ್ಲಿ ಹೋಯಿತು. ಈಗ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಮಾರ್ಗಸೂಚಿ ದರ ಸಾಕು. ಸಾಲಕ್ಕೆ ಬ್ಯಾಂಕಿಗೆ ಹೋದರೆ ಅದೇ ಹೊಲದ ಬೆಲೆ ಉಬ್ಬುತ್ತದೆ. ಗಡಿ ದಾಟಿ ಅಕ್ಕಲಕೋಟ ಸೀಮೆಯಲ್ಲೂ ಎರಡೆಕರೆ ಇದ್ದರೆ ಅಲ್ಲಿ ರೆಡಿ ರೆಕನರ್ ಎಂಬ ಬೇರೆಯೇ ಪಂಚಾಂಗ.

ಎಲ್ಲಕ್ಕಿಂತ ರಸವತ್ತಾದದ್ದು ಕೋರ್ಟಿನ ಬೆಲೆ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ 7ನೇ ಕಲಮಿನಂತೆ, ಪಾಲಿನ ದಾವೆಯಲ್ಲಿ ಕಂದಾಯ ಕಟ್ಟುವ ಜಮೀನಿನ ಬೆಲೆ ವರ್ಷದ ಕಂದಾಯದ 25 ಪಟ್ಟು. ಎಕರೆಗೆ ಎರಡು ರೂಪಾಯಿ ಕಂದಾಯ ಎಂದು ಹಿಡಿಯಿರಿ. ಎಂಟೆಕರೆಯ ಬೆಲೆ 400 ರೂಪಾಯಿ! ಈ 400 ರೂಪಾಯಿಯ ಹೊಲಕ್ಕಾಗಿ ಎರಡು ಪೀಳಿಗೆ ವಕೀಲರ ಮಕ್ಕಳು ಬೆಂಗಳೂರಲ್ಲಿ ಓದುತ್ತಾರೆ. ಜಂಟಿ ಸ್ವಾಧೀನದಲ್ಲಿ ಇದ್ದೇನೆ ಎಂದು ಬರೆದರೆ 35ನೇ ಕಲಮಿನ ಶುಲ್ಕ 200 ರೂಪಾಯಿ ದಾಟುವುದಿಲ್ಲ. ಆದ್ದರಿಂದ ಅಣ್ಣನ ಬಾಂದಿಗೆ ಕಾಲಿಡಲಾರದ ತಮ್ಮನೂ ದಾವೆಯಲ್ಲಿ ಅಣ್ಣನ ಜೊತೆ ಕೂಡಿ ಉಳುತ್ತಿರುತ್ತಾನೆ. ಹಗೆತನ ಇಷ್ಟು ಒಗ್ಗಟ್ಟಿನಿಂದ ನಡೆಯುವ ದಾಖಲೆ ಬೇರೆಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಅಪವಾದ: ಅಕ್ಕ-ತಂಗಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 1994ರ ರಾಜ್ಯ ತಿದ್ದುಪಡಿ, 2005ರ ಕೇಂದ್ರ ತಿದ್ದುಪಡಿ, ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು, ಮೂರೂ ಸೇರಿ ಮಗಳನ್ನು ಮಗನ ಸಾಲಿಗೆ ತಂದವು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬೇಕಾದ ದಿನ ಅವಳ ಪಾಲಿನ ಬೆಲೆ ಒಂದು ಇಳಕಲ್ ಸೀರೆ, ಕುಪ್ಪಸದ ಖಣ, ಒಂದು ಹೋಳಿಗೆ ಊಟ. “ಏನದ ಅಕ್ಕಾ ಅದ್ರಾಗ, ಮಳಿ ಇಲ್ಲ ಬೆಳಿ ಇಲ್ಲ” ಎನ್ನುವ ತಮ್ಮ ಹಿಂದಿನ ವಾರವಷ್ಟೇ ಅದೇ ಹೊಲದ ಮೇಲೆ ಬೆಳೆಸಾಲ ಎತ್ತಿರುತ್ತಾನೆ. ಸೀರೆಯ ದರದಲ್ಲಿ ಎಕರೆ ಕೊಳ್ಳುವ ಈ ಲೆಕ್ಕವನ್ನು ಯಾವ ಮೌಲ್ಯಮಾಪಕನೂ ಮಾಡಲಾರ, ಆದರೆ ಸಾಕ್ಷಿ ಹಾಕಲು ಪಂಚರೆಲ್ಲ ಬರುತ್ತಾರೆ.

ಇತ್ತೀಚೆಗೆ ಕೆಲವು ಅಕ್ಕಂದಿರು ಸಹಿಗೆ ಮುನ್ನ ಹೋಳಿಗೆ ಉಂಡು, ಸೀರೆ ಉಟ್ಟು, “ಪಹಣಿ ತೋರ್ಸು” ಎನ್ನತೊಡಗಿದ್ದಾರೆ. ಸಾಲದ ಕಲಂ ಓದಿಯೂ ಬಿಡುತ್ತಾರೆ. ಅಂಥ ಮನೆಗಳ ಬಗೆಗಿನ ಮುಂದಿನ ಸಂಪುಟ ಆಳಂದದ ಸಿವಿಲ್ ಕೋರ್ಟಿನಲ್ಲಿ ತಯಾರಾಗುತ್ತಿದೆ. ಬೆಲೆ ಸದ್ಯಕ್ಕೆ ಕಂದಾಯದ 25 ಪಟ್ಟು.