ಹದಿನೇಳನೇ ತಟ್ಟೆ

ರೈತನ ಮಗಳು ನಿಜವಾಗಿಯೂ ರೈತನ ಮಗಳೇನಾ ಎಂದು ಸರ್ಕಾರ ಎರಡು ಸಲ ಪರೀಕ್ಷೆ ಮಾಡುತ್ತದೆ. ಮೊದಲು ಕಾಗದದಲ್ಲಿ, ಆಮೇಲೆ ಕಾಳಿನಲ್ಲಿ. ಕಾಗದ ಎಂದರೆ ಗೊತ್ತೇ ಇದೆ: ಪಹಣಿ, ವಂಶವೃಕ್ಷ, ತಹಸೀಲ್ದಾರರ ಸಹಿಯಿರುವ ವ್ಯವಸಾಯಗಾರರ ಸರ್ಟಿಫಿಕೇಟು. ಕಾಳಿನ ಪರೀಕ್ಷೆ ಮಾತ್ರ ಬಿ.ಎಸ್ಸಿ. ಕೃಷಿ ಸೀಟನ್ನು ಕೃಷಿಕರ ಕೋಟಾದಲ್ಲಿ ಕೇಳುವ ಮಕ್ಕಳ ಭಾಗ್ಯ. ಸಿಇಟಿ ಬರೆದದ್ದು ಸಾಲದು, ಇನ್ನೊಂದು ದಿನ ಪ್ರಾಕ್ಟಿಕಲ್‌ಗೆ ಹೋಗಬೇಕು. ಬೀಜ, ಗೊಬ್ಬರ, ಕಳೆ, ಉಪಕರಣ ಎಲ್ಲ ಇಟ್ಟು 'ಇದೇನು, ಇದೇನು' ಎಂದು ಕೇಳುತ್ತಾರೆ. ಅಲ್ಲಿ ಬಂದ ಅಂಕವೂ ರ‍್ಯಾಂಕಿಗೆ ಸೇರುತ್ತದೆ. ಗಡಿನಾಡು, ಹೊರನಾಡಿನ ಕನ್ನಡಿಗರ ಮಕ್ಕಳಿಗೆ ಕನ್ನಡ ಬರುತ್ತದೋ ಇಲ್ಲವೋ ಎಂದು ನಾಲ್ಕನೇ ಕ್ಲಾಸಿನ ಮಟ್ಟದ ಪರೀಕ್ಷೆ ಇಟ್ಟಿದ್ದಾರಲ್ಲ, ನಮ್ಮ ಮಕ್ಕಳಿಗೆ ರಾಗಿ ಬರುತ್ತದೋ ಇಲ್ಲವೋ ಎಂದು ಇದು. ಈ ಕೋಟಾ ಮೊದಲು ನೂರಕ್ಕೆ 40 ಇತ್ತು, 2021ರಲ್ಲಿ 50 ಮಾಡಿದರು. ಅರ್ಧ ಸೀಟು ನಮ್ಮದೇ ಅಂದ ಮೇಲೆ ಬಿಡುವುದುಂಟೆ?

ಸೋಲೂರಿನವರಿಗೆ ಕಾಗದದ ಪರೀಕ್ಷೆಯೇ ಒಂದು ತೂಕ ಹೆಚ್ಚು. ನಮ್ಮ ಹೋಬಳಿ ಇರುವುದು ಮಾಗಡಿ ತಾಲ್ಲೂಕಿನಲ್ಲಿ. ಎಂಎಲ್‌ಎ ನೆಲಮಂಗಲದವರು. ಎಂಪಿ ಚಿಕ್ಕಬಳ್ಳಾಪುರದವರು. ಜಿಲ್ಲೆ 2007ರವರೆಗೆ ಬೆಂಗಳೂರು ಗ್ರಾಮಾಂತರ, ಆಮೇಲೆ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ನಾವು ಮನೆ ಬಿಟ್ಟು ಕದಲದೆ ಇಷ್ಟು ಊರು ತಿರುಗಿದ್ದೇವೆ. ಇದರ ಮೇಲೆ ಹೋಬಳಿಯನ್ನೇ ನೆಲಮಂಗಲಕ್ಕೆ ಸೇರಿಸುವ ಮಾತು ಬೇರೆ. ಈ ಕೋಟಾಕ್ಕೆ ಹೊರಟ ನನ್ನ ತಮ್ಮನ ಮಗಳು ಅರ್ಜಿಯಲ್ಲಿ 'ಜಿಲ್ಲೆ' ಅನ್ನುವ ಜಾಗಕ್ಕೆ ಬಂದಾಗ ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ.

ನಾನು ಯಾಕೆ ಅಲ್ಲಿದ್ದೆ ಅಂದರೆ, ಮನೆಯಲ್ಲಿ ಬ್ಯಾಂಕಿನಿಂದ ರಿಟೈರಾಗಿ ಕೂತಿರುವವನು ನಾನೊಬ್ಬನೇ. ಸಿಇಟಿ ಶುರುವಾದದ್ದು 1994ರಲ್ಲಿ; ನಾನು ಕಾಲೇಜು ಸೇರಿದ್ದು ಅದಕ್ಕೂ ಎಷ್ಟೋ ಹಿಂದೆ. ಮಾರ್ಕ್ಸ್ ಕಾರ್ಡು, ಟಿಸಿ, ಪಕ್ಕದಲ್ಲಿ ಇಸ್ತ್ರಿ ಪಂಚೆಯ ಅಪ್ಪ, ಇಷ್ಟಿದ್ದರೆ ಅಡ್ಮಿಷನ್ ಮುಗಿಯಿತು. ಹಾಗಾಗಿ ನನಗೆ ಈಗಿನ ಪದ್ಧತಿ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದವನಿಗೆ ಇರುವ ಉತ್ಸಾಹ ಗೊತ್ತಿರುವವನಿಗೆ ಎಲ್ಲಿಂದ ಬರಬೇಕು? ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲೇ ಓದಿದ್ದರೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ನೂರಕ್ಕೆ 5 ಎಂದು ಮೀಸಲಾತಿಯ ಲೆಕ್ಕವನ್ನೆಲ್ಲ ಬಾಯಿಪಾಠ ಮಾಡಿ, ಟೀ ಅಂಗಡಿಯಲ್ಲಿ ಕೇಳದವರಿಗೂ ಹೇಳತೊಡಗಿದೆ. ಪ್ರಾಕ್ಟಿಕಲ್‌ಗೆ ಕೋಚಿಂಗ್ ಸೆಂಟರುಗಳಿವೆ ಎಂದು ಯಾರೋ ಅಂದದ್ದೇ ನನಗೆ ರೇಗಿತು. ರಾಗಿ ಬೆಳೆಯುವ ಮನೆಯ ಮಗು ದುಡ್ಡು ಕೊಟ್ಟು ರಾಗಿ ಕಲಿಯಬೇಕೆ? ಕೋಚಿಂಗ್ ನಾನೇ ಕೊಡುತ್ತೇನೆ ಎಂದು ಘೋಷಿಸಿಬಿಟ್ಟೆ.

ಜಗಲಿಯ ಮೇಲೆ ಸಾಲಾಗಿ ಸ್ಟೀಲ್ ತಟ್ಟೆ ಜೋಡಿಸಿದೆ. ಮದುವೆಗಳಲ್ಲಿ ಉಡುಗೊರೆ ಬಂದು, ಕೊಟ್ಟವರ ಹೆಸರು ಕೊರೆಸಿಕೊಂಡು, ಅಟ್ಟದಲ್ಲಿ ಮಲಗಿದ್ದ ತಟ್ಟೆಗಳು. ಒಂದೊಂದರ ಪಕ್ಕ ನಂಬರಿನ ಚೀಟಿ. ರಾಗಿ, ಹುರುಳಿ, ಅಲಸಂದೆ, ಹುಚ್ಚೆಳ್ಳು, ಹರಳು, ತೊಗರಿ. ಮಾಗಡಿ ಸೀಮೆಯ ಮಾನ ಕಾಯಲು ಅವರೆ. ಗೊಬ್ಬರಕ್ಕೆ ಡಿಎಪಿ, ಕೆಂಪು ಪೊಟ್ಯಾಷು, ಹೊಂಗೆ ಹಿಂಡಿ. ಯೂರಿಯಾದ ಪಕ್ಕಕ್ಕೇ ಒಂದು ಹಿಡಿ ಸಬ್ಬಕ್ಕಿ ಇಟ್ಟೆ. ಪರೀಕ್ಷೆ ಮಾಡುವವರು ಇಂಥ ಮಸಲತ್ತು ಮಾಡಿಯೇ ಮಾಡುತ್ತಾರೆ ಎಂಬುದು ನನ್ನ ನಂಬಿಕೆ. ನನ್ನ ಹೆಂಡತಿ ಅದನ್ನು ನೋಡಿದವಳೇ ಸಬ್ಬಕ್ಕಿ ಡಬ್ಬವನ್ನು ಎತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಕಳೆಗಳ ತಟ್ಟೆಯಲ್ಲಿ ಪಾರ್ಥೇನಿಯಂ, ಗರಿಕೆ, ಅಣ್ಣೆ ಸೊಪ್ಪು. ಗೋಡೆಗೆ ಒರಗಿಸಿದ್ದು ಕೂರಿಗೆ, ಕುಂಟೆ. ಹುಡುಗಿ ಪೆನ್ನು ಹಿಡಿದು ಬಂದಳು. ನಾನು ಶರ್ಟಿನ ಗುಂಡಿ ಹಾಕಿಕೊಂಡು ವಾಚು ನೋಡಿ 'ಸ್ಟಾರ್ಟ್' ಎಂದೆ.

ಅವಳಿಗಿಂತ ಮೊದಲು ಉತ್ತರ ಕೊಟ್ಟಿದ್ದು ಅವ್ವ. ಎಂಬತ್ತು ದಾಟಿದ ನನ್ನ ತಾಯಿ ಗೋಡೆ ಹಿಡಿದು ಒಂದೊಂದು ತಟ್ಟೆಗೂ ಬಗ್ಗಿ, ಮೂಸಿ, ತೀರ್ಪು ಕೊಡುತ್ತ ಬಂದಳು. ರಾಗಿಯನ್ನು ಬಾಯಿಗೆ ಹಾಕಿಕೊಂಡು, "ಇದು ಹಿತ್ಲ ಹೊಲದ್ದಲ್ಲ. ಹೋದೊರ್ಸ ಮಳೇಲಿ ನೆನ್ದಿತ್ತಲ್ಲ, ಆ ಕೆಳಗಲ ಹೊಲದ್ದು" ಎಂದಳು. ನನ್ನ ಕೀ ಉತ್ತರದಲ್ಲಿ 'ರಾಗಿ' ಎಂದಷ್ಟೇ ಇತ್ತು. ಅಣ್ಣೆ ಸೊಪ್ಪನ್ನು ಕಳೆ ಎಂದು ಒಪ್ಪಲೇ ಇಲ್ಲ: "ಕಳೆ ಯಾಕ್ಲಾ ಆಯ್ತದೆ, ನಿನ್ನೆ ಉಂಡ್ಯಲ್ಲ ಅದರ ಬಸ್ಸಾರು?" ಕೀ ಉತ್ತರದ ಪ್ರಕಾರ ಅವ್ವ ಆ ವಿಭಾಗದಲ್ಲಿ ಫೇಲು.

ಹೀಗೇ ಹದಿನೇಳನೇ ತಟ್ಟೆಗೆ ಬಂದೆವು. ಅದರಲ್ಲಿದ್ದದ್ದು ಸಿರಿಧಾನ್ಯ. ನಮ್ಮ ಹೊಲದಲ್ಲಿ ಅವು ಮಾಯವಾಗಿ ಒಂದು ತಲೆಮಾರೇ ಆಯಿತು. 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷ ಎಂದು ವಿಶ್ವಸಂಸ್ಥೆ ಸಾರಿದ ಮೇಲೆ ಅವು ಬೆಂಗಳೂರಿನ ಎಸಿ ಅಂಗಡಿಯಲ್ಲಿ ಪ್ಯಾಕೆಟ್ಟಾಗಿ ಸಿಗುತ್ತವೆ. ನಾನೂ ಅಲ್ಲಿಂದಲೇ ತಂದಿದ್ದೆ. ಪ್ಯಾಕೆಟ್ ಕತ್ತರಿಸಿ ಎಸೆದಾಗಿತ್ತು. ಕೀ ಉತ್ತರದಲ್ಲಿ 'ಹಾರಕ' ಎಂದು ಬರೆದಿದ್ದೆ. ಹುಡುಗಿ 'ಊದಲು' ಎಂದು ಬರೆದಳು. ಅವ್ವ ಅಂಗೈಯಲ್ಲಿ ಹರಡಿಕೊಂಡು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, "ಸಾಮೆ ಇದ್ದಂಗದೆ" ಎಂದಳು.

ಎದುರು ಮನೆಯ ಮೇಷ್ಟ್ರು ಪೇಪರ್ ಕೇಳಲು ಬಂದವರು ಕನ್ನಡಕ ಏರಿಸಿ ಕೂತೇಬಿಟ್ಟರು. ಅವರ ಪ್ರಕಾರ ಬರಗು. ಹಾಲಿನ ಡೈರಿಯ ಸೆಕ್ರೆಟರಿ ಬೈಕು ನಿಲ್ಲಿಸಿ, ಆಫ್ ಮಾಡದೆ, ನಾಲ್ಕು ಕಾಳು ಜಗಿದು ಕೊರಲೆ ಎಂದರು. ದಿನಸಿ ಅಂಗಡಿಯವರನ್ನು ಕರೆಸಿದೆವು. ಅವರು ವ್ಯಾಪಾರಸ್ಥರು, "ನಿಮಗೆ ಯಾವುದು ಬೇಕೋ ಅದೇ ಅನ್ಕೊಳಿ ಸಾರ್" ಎಂದರು. ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದೆ. ಬೆಂಗಳೂರಿನ ನೆಂಟರು ಅದಕ್ಕೊಂದು ಕೈಮುಗಿದ ಚಿತ್ರ ಕಳಿಸಿದರು. ಜಗಲಿಯ ಮೇಲೆ ಎರಡು ಪಕ್ಷವಾಗಿ, ಮಾತು ಏರಿ, ಮೇಷ್ಟ್ರು ತಮ್ಮ ಸರ್ವೀಸಿನ ವರ್ಷಗಳನ್ನು ಸಾಕ್ಷಿಗೆ ಕರೆದರು. ನಾನು ಪರೀಕ್ಷಕನ ತೀರ್ಮಾನವೇ ಅಂತಿಮ ಎಂದೆ. ಆಗ ಅವ್ವ ಕಾಳನ್ನು ತಟ್ಟೆಗೆ ಸುರಿದು ಹೇಳಿದಳು: "ಸಿಪ್ಪೆ ತಗ್ದ್ ಮ್ಯಾಕೆ ಯಾರ ಮಕ ಯಾರಿಗ್ಲಾ ಗೊತ್ತಾಯ್ತದೆ? ಹೊಟ್ಟಿನ ಸಮೇತ ತಂದಿದ್ರೆ ಕತ್ಲಲ್ಲೇ ಹೇಳೀನಿ."

ಅದೇ ವಿಷಯ. ಅಂಗಡಿಯಲ್ಲಿ ಸಿಗುವುದು ಸಿಪ್ಪೆ ತೆಗೆದ ಅಕ್ಕಿ. ನೋಡಲು ಎಲ್ಲವೂ ಹೆಚ್ಚುಕಡಿಮೆ ಒಂದೇ. ಪರೀಕ್ಷೆಗೆ ಬೇಕಾದದ್ದು ಬೀಜ. ನಾನು ಊಟಕ್ಕೆ ಮಾರುವುದನ್ನು ಬಿತ್ತನೆಗೆಂದು ತಂದಿದ್ದೆ. ಆದರೂ ಸೋಲೊಪ್ಪಲಿಲ್ಲ, ರುಚಿಯಿಂದ ತೀರ್ಮಾನಿಸೋಣ ಎಂದೆ. ಹೆಂಡತಿ ಗೊಣಗುತ್ತಲೇ ಅನ್ನ ಮಾಡಿದಳು. ಅವರೇಕಾಳಿನ ಹುಳಿಯೊಂದಿಗೆ ಹದಿನೇಳನೇ ಪ್ರಶ್ನೆಯನ್ನು ಎಲ್ಲರೂ ಉಂಡರು. ಮೇಷ್ಟ್ರು ಎರಡನೇ ಸಲ ಬಡಿಸಿಕೊಂಡೂ ಬರಗು ಎಂದೇ ಹೇಳಿ ಹೊರಟರು.

ಈ ಗಲಾಟೆಗೆಲ್ಲ ಸೇರದವನು ತಮ್ಮ ಒಬ್ಬನೇ. ಹೊಲದಿಂದ ಬಂದು ಕಾಲು ತೊಳೆದುಕೊಂಡು, ಒರಗಿಸಿದ್ದ ಕುಂಟೆಯನ್ನು ನೋಡಿ, "ಇದನ್ನ ಗುರುತು ಹಿಡಿದ್ರೆ ಮಾರ್ಕ್ಸ್ ಕೊಡ್ತಾರಾ?" ಎಂದ. ಹೌದು ಎಂದೆ. "ಹಿಡಿದು ಗೇದ್ರೆ?" ಎಂದು ಒಳಗೆ ಹೋದ. ಮಗಳು ಕೃಷಿ ಓದಲಿ ಎಂದು ಅವನಿಗೂ ಆಸೆಯೇ. ಆಫೀಸರಾಗಬೇಕು, ಹೊಲಕ್ಕೆ ಇಳಿಯಬಾರದು, ಅಷ್ಟೇ ಅವನ ಷರತ್ತು.

ಅವನನ್ನು ತಪ್ಪು ಅನ್ನುವ ಧೈರ್ಯ ನನಗಿಲ್ಲ. ನಮ್ಮ ಹೊಲದ ಬದುವಿನ ಆಚೆಗೆ ಸೈಟಿನ ಕಲ್ಲುಗಳು ಬಂದು ನಿಂತಿವೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಮು ತೆಗೆದ ಮೇಲೆ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು. ವಾಟ್ಸಾಪಿನಲ್ಲಿ ಕೈಮುಗಿದ ಅದೇ ನೆಂಟರು ಮಾಗಡಿ ರಸ್ತೆಯಲ್ಲಿ ಎರಡು ಎಕರೆ ಕೊಂಡು ಸುತ್ತ ಗೋಡೆ ಎಬ್ಬಿಸಿ, ಒಳಗೆ ಹುಲ್ಲುಹಾಸು ಬೆಳೆಸಿದ್ದಾರೆ. "ನಮ್ಮ ಹುಡುಗನಿಗೂ ಈ ಅಗ್ರಿ ಕೋಟಾ ಬರುತ್ತಾ?" ಎಂದು ಕೇಳಿದರು. ಪಹಣಿ ಅವರ ಹೆಸರಿನಲ್ಲಿ ಕನ್ನಡಿಯ ಹಾಗಿದೆ. ನಮ್ಮದು ಇನ್ನೂ ಅಜ್ಜನ ಹೆಸರಿನಲ್ಲಿದೆ. ಅಜ್ಜ ಸತ್ತು ಎಷ್ಟೋ ಕಾಲವಾದರೂ ಪಹಣಿಯಲ್ಲಿ ಬದುಕಿ ರಾಗಿ ಬೆಳೆಯುತ್ತಿದ್ದಾನೆ. ಅವನನ್ನು ಅಲ್ಲಿಂದ ಇಳಿಸಲು ಪೌತಿ ಖಾತೆ, ಅದಕ್ಕೆ ವಂಶವೃಕ್ಷ, ಅದಕ್ಕೆ ಮಾತು ಬಿಟ್ಟ ದಾಯಾದಿಗಳ ಸಹಿ. ಮಗಳ ಸೀಟಿನ ನೆಪದಲ್ಲಿ ತಮ್ಮ ಅವರ ಮನೆ ಮೆಟ್ಟಿಲು ಹತ್ತಿ, ಕಾಫಿ ಕುಡಿದು, ಸಹಿ ತಂದ. ಕಾಗದದಲ್ಲಿ ರೈತನಾಗುವುದು ಹೊಲದಲ್ಲಿ ರೈತನಾದವನಿಗೇ ಕಷ್ಟ ಎಂದು ಆಗ ನನಗೆ ಸಿಟ್ಟು ಬಂದದ್ದು ನಿಜ.

ಪರೀಕ್ಷೆ ಮುಗಿಸಿ ಬಂದ ಹುಡುಗಿ, "ದೊಡ್ಡಪ್ಪ, ಸಬ್ಬಕ್ಕಿ ಇಟ್ಟಿರ್ಲಿಲ್ಲ" ಎಂದಳು. ಆಮೇಲೆ ಆಪ್ಷನ್ ಎಂಟ್ರಿ. ಮೊದಲು ಜಿಕೆವಿಕೆ ಇರಲಿ ಎಂದು ನಾನು. 1899ರಲ್ಲಿ ಮೈಸೂರಿನ ಮಹಾರಾಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟಲ್ಲಿಂದ ಆ ವಿಶ್ವವಿದ್ಯಾಲಯದ ಕತೆ ಶುರುಮಾಡಿದೆ. 1946ರ ಕೃಷಿ ಕಾಲೇಜಿಗೆ ಬರುವಷ್ಟರಲ್ಲಿ ಅವಳು ಓಟಿಪಿ ಹಾಕಿ ಮುಗಿಸಿದ್ದಳು. ಅಣಕು ಹಂಚಿಕೆ, ಅಸಲಿ ಹಂಚಿಕೆ, ನಾಲ್ಕು ಬಗೆಯ ಚಾಯ್ಸು ಎಲ್ಲ ಆಗಿ, ಹಾಸನದ ಕಾರೆಕೆರೆ ಕೃಷಿ ಕಾಲೇಜು ಸಿಕ್ಕಿತು. ನಮ್ಮೂರ ಮುಂದಿನ ಹೈವೇಯೇ ಹಾಸನಕ್ಕೆ ಹೋಗುವುದರಿಂದ ಬಸ್ಸಿನ ಚಿಂತೆಯಿಲ್ಲ. ನಾಲ್ಕನೇ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಒಂದು ಹಳ್ಳಿಗೆ ಕಳಿಸಿ, ಹಳ್ಳಿ ಅಂದರೇನು ಎಂದು ತೋರಿಸುತ್ತಾರಂತೆ. ಅವ್ವನಿಗೆ ಇದನ್ನು ಇನ್ನೂ ಹೇಳಿಲ್ಲ.

ಈ ಸಲ ಹಿಂದಿನ ಬೀದಿಯ ಹುಡುಗ ಕೃಷಿಕರ ಕೋಟಾಕ್ಕೆ ಹೊರಟಿದ್ದಾನೆ. ಕೋಚಿಂಗ್ ನಾನೇ ಕೊಡುತ್ತೇನೆ ಎಂದು ಅವರಪ್ಪನಿಗೆ ಮಾತು ಕೊಟ್ಟಿದ್ದೇನೆ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ: ಹಾರಕ, ಊದಲು, ಸಾಮೆ, ಬರಗು, ಕೊರಲೆ ಯಾರ ಮನೆಯಲ್ಲಾದರೂ ಹೊಟ್ಟಿನ ಸಮೇತ ಇದ್ದರೆ ಒಂದೊಂದು ಹಿಡಿ ಕೊಟ್ಟು ಉಪಕಾರ ಮಾಡಿ. ಯಾವುದು ಯಾವುದೆಂದು ಚೀಟಿ ಬರೆದೇ ಕೊಡಿ.