ಕಾರಿಗೂ ಒಂದು ಬರ್ತ್

ಕೋಡಿಂಬಾಳದಲ್ಲಿ ರೈಲ್ವೆ ಸ್ಟೇಷನ್ ಉಂಟು. ಕೋಡಿಂಬಾಳದ ಮೇಲೆ ಹಾದು ಬೆಂಗಳೂರಿಗೆ ಹೋಗುವ ರಾತ್ರಿ ರೈಲೂ ಉಂಟು. ಇಬ್ಬರಿಗೂ ಮುಖಪರಿಚಯ ಮಾತ್ರ, ಮಾತುಕತೆ ಇಲ್ಲ. ಮಂಗಳೂರು ಕಡೆಯ ಲೋಕಲ್ ಗಾಡಿ ಇಲ್ಲಿ ನಿಂತು, ಕಡಬ ಪೇಟೆಗೆ ಹೋಗುವವರನ್ನು ಇಳಿಸಿ, ಉಸಿರು ತೆಗೆದುಕೊಂಡು ಮುಂದೆ ಹೋಗುತ್ತದೆ. ರಾತ್ರಿ ರೈಲು ಮಾತ್ರ ಅಡಿಕೆ ತೋಟದ ಬದಿಯಲ್ಲಿ ಒಂದು ಕೂಗು ಹಾಕಿ ಸೀದಾ ನೆಟ್ಟಣಕ್ಕೆ. ಆದ್ದರಿಂದ ಕೋಡಿಂಬಾಳದವನು ರಾತ್ರಿ ರೈಲು ಹತ್ತಬೇಕಾದರೆ ಮೊದಲು ಕಾರು ಹತ್ತಬೇಕು. ಆ ಕಾರನ್ನು ನೆಟ್ಟಣದಿಂದ ವಾಪಸು ತರಲು ಇನ್ನೊಬ್ಬ ಬೇಕು. ಆ ಇನ್ನೊಬ್ಬನಿಗೆ ಮರುದಿನ ಬೆಳಿಗ್ಗೆ ಹಾಲು ಕರೆಯಲಿಕ್ಕುಂಟು, ಆದ್ದರಿಂದ ಅವನನ್ನು ಒಪ್ಪಿಸಲು ಎರಡು ದಿನ ಮೊದಲಿಂದಲೇ ಅವನ ಜಗಲಿಯಲ್ಲಿ ಕೂತು ಅಡಿಕೆ ರೇಟಿನ ಬಗ್ಗೆ ಮಾತಾಡಬೇಕು. ಬೆಳಗಾಗಿ ಯಶವಂತಪುರದಲ್ಲಿ ಇಳಿದರೆ ಅಲ್ಲಿ ಮತ್ತೆ ಕಾರು ಬೇಕು. ಅಂದರೆ ರೈಲು ಪ್ರಯಾಣದ ಎರಡು ತುದಿಯಲ್ಲೂ ಕಾರು ಬೇಕೇ ಬೇಕು. ನಡುವೆ ಮಾತ್ರ ಬೇಡ.

ಹಾಗಾದರೆ ಕಾರಿನಲ್ಲೇ ಹೋಗಬಹುದಲ್ಲ ಎನ್ನುವವರು ಶಿರಾಡಿ ಘಾಟಿಯನ್ನು ರಾತ್ರಿ ಹೊತ್ತು ನೋಡಿದವರಲ್ಲ. ಗುಂಡ್ಯ ದಾಟಿದ ಮೇಲೆ ನಮ್ಮ ಮುಂದೆ ಒಂದು ಗ್ಯಾಸ್ ಟ್ಯಾಂಕರ್, ಅದರ ಮುಂದೆ ಇನ್ನೊಂದು ಗ್ಯಾಸ್ ಟ್ಯಾಂಕರ್. ಮುಂದಿನ ಟ್ಯಾಂಕರಿನ ಬೆನ್ನಿನಲ್ಲಿ ಬರೆದ ಎಚ್ಚರಿಕೆಯನ್ನು ಮಾರನಹಳ್ಳಿ ಬರುವಾಗ ಬಾಯಿಪಾಠ ಒಪ್ಪಿಸಬಹುದು. ಮಳೆಗಾಲವಾದರೆ ಘಾಟಿ ತೆರೆದಿದೆಯೋ ಮುಚ್ಚಿದೆಯೋ ಎಂಬುದೇ ನಮ್ಮ ಮನೆಗಳಲ್ಲಿ ಕಾಫಿಗೆ ಮೊದಲಿನ ಪ್ರಶ್ನೆ. 2018ರ ಆಗಸ್ಟಿನಲ್ಲಿ ಶಿರಾಡಿಯೂ ಸಂಪಾಜೆಯೂ ಒಟ್ಟಿಗೆ ಕುಸಿದು ಕೂತಾಗ, ಬೆಂಗಳೂರು ಎಂಬುದು ಟಿವಿಯಲ್ಲಿ ಮಾತ್ರ ಕಾಣುವ ಊರಾಗಿತ್ತು. ಇವೆಲ್ಲವನ್ನೂ ದಾಟಿ ಬೆಂಗಳೂರು ಮುಟ್ಟಿದರೆ, ಘಾಟಿಯಲ್ಲಿ ಉಳಿಸಿಕೊಂಡ ಜೀವವನ್ನು ನೆಲಮಂಗಲದಿಂದ ಈಚೆಗಿನ ಟ್ರಾಫಿಕ್ಕಿನಲ್ಲಿ ಕಂತಿನಲ್ಲಿ ಕಟ್ಟಬೇಕು.

ಆದರೂ ನಾವು ಕಾರು ಬಿಡುವುದಿಲ್ಲ. ಯಾಕೆಂದರೆ ನಮಗೆ ಬೇಕಾದ್ದು ಕಾರಲ್ಲ, ಡಿಕ್ಕಿ. ಪುತ್ತೂರು, ಸುಳ್ಯ, ಕಡಬದ ಯಾವ ತೋಟದ ಮನೆಯಿಂದಲೂ ಮಕ್ಕಳ ಮನೆಗೆ ಬರೀ ಮನುಷ್ಯರು ಹೋದ ದಾಖಲೆ ಇಲ್ಲ. ಸುಲಿದ ತೆಂಗಿನಕಾಯಿ ಒಂದು ಗೋಣಿ, ಕದಳಿ ಬಾಳೆಗೊನೆ ಒಂದು, ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ, ಡಬ್ಬದಲ್ಲಿ ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಕಾಟುಮಾವಿನ ಹಣ್ಣು, ಸುವರ್ಣಗಡ್ಡೆ, ಬಾಳೆಲೆ, ಕೆಸುವಿನೆಲೆ, ಬೆಂಗಳೂರಿನಲ್ಲಿಯೂ ಸಿಗುವ ಕರಿಬೇವು. ಕೊನೆಗೆ ಜಾಗ ಇದ್ದರೆ ನಮ್ಮ ಬಟ್ಟೆ. ಸ್ಲೀಪರ್ ಟಿಕೆಟಿನಲ್ಲಿ ತಲೆಗೆ 40 ಕಿಲೋ ಸಾಮಾನು ಉಚಿತವಾಗಿ ಒಯ್ಯಬಹುದು ಎಂಬುದು ನನಗೂ ಗೊತ್ತು. ಆದರೆ ರೈಲ್ವೆಯವರು ಹೇಳಿದ್ದು ಒಯ್ಯಬಹುದು ಎಂದು. ಯಾರ ತಲೆಯಲ್ಲಿ ಎಂದು ಹೇಳಲಿಲ್ಲ. ಬೆಳಗ್ಗಿನ ಜಾವ ಯಶವಂತಪುರದ ಮೆಟ್ಟಿಲ ಮೇಲೆ ಬಾಳೆಗೊನೆ ಹೊತ್ತು ನಿಂತವನಿಗೆ ಮಾತ್ರ ಡಿಕ್ಕಿಯ ಮಹಿಮೆ ಅರ್ಥವಾಗುವುದು.

ಒಟ್ಟಿನಲ್ಲಿ ನಿದ್ದೆ ಬೇಕಾದರೆ ರೈಲು, ಡಿಕ್ಕಿ ಬೇಕಾದರೆ ಕಾರು. ಎರಡೂ ಒಟ್ಟಿಗೆ ಬೇಕೆಂಬ ಆಸೆಯಲ್ಲಿ ನಾನು ಇದ್ದಾಗಲೇ, 2025ರ ಚೌತಿಯ ಹೊತ್ತಿಗೆ ಕೊಂಕಣ ರೈಲ್ವೆಯವರು ಕಾರನ್ನೇ ರೈಲಿಗೆ ಹತ್ತಿಸಿಕೊಂಡು ಹೋಗುತ್ತಾರಂತೆ ಎಂಬ ಸುದ್ದಿ ಪೇಪರಿನಲ್ಲಿ ಬಂತು. ಮಹಾರಾಷ್ಟ್ರದ ಕೋಲಾಡಿನಿಂದ ಗೋವಾದ ವೆರ್ಣಾಕ್ಕೆ. ಸಂಜೆ ಐದಕ್ಕೆ ಹೊರಟು ಬೆಳಿಗ್ಗೆ ಐದಕ್ಕೆ ಮುಟ್ಟುವುದು. ಒಂದು ವ್ಯಾಗನ್ನಿನಲ್ಲಿ ಎರಡು ಕಾರು, ಹಾಗೆ 20 ವ್ಯಾಗನ್ನುಗಳಲ್ಲಿ 40 ಕಾರು. ಕಾರೊಂದಕ್ಕೆ 7,875 ರೂಪಾಯಿ. ಜೊತೆಗೆ ಮೂರೇ ಜನ; ಥರ್ಡ್ ಎಸಿಯಲ್ಲಿ ಮಲಗುವವರಿಗೆ ತಲೆಗೆ 935, ಕೂತು ಹೋಗುವವರಿಗೆ 190. ಗಾಡಿ ಹೊರಡುವ ಮೂರು ಗಂಟೆ ಮೊದಲೇ ಕಾರು ಸಮೇತ ಹಾಜರಿರಬೇಕು. ಕಾರಿನೊಳಗೆ ಕೂತು ಪ್ರಯಾಣ ಮಾಡುವಂತಿಲ್ಲ.

ಈ ಕೊನೆಯ ನಿಯಮ ಓದಿ ನನಗೆ ಸ್ವಲ್ಪ ಬೇಸರವೇ ಆಯಿತು. ಸ್ವಂತ ಕಾರಿನ ಸ್ಟಿಯರಿಂಗ್ ಹಿಡಿದುಕೊಂಡು, ಕಾಲನ್ನು ಯಾವ ಪೆಡಲಿಗೂ ತಾಗಿಸದೆ, ಹೊಂಡ ಇಲ್ಲದ ದಾರಿಯಲ್ಲಿ ಸಾಗುವ ಸುಖ ನಮ್ಮ ಊರಿನ ರಸ್ತೆಯಲ್ಲಿ ಕಾರು ಬಿಟ್ಟವನಿಗಲ್ಲದೆ ಇನ್ಯಾರಿಗೆ ಸಲ್ಲಬೇಕು? ಆ ಸುಖವನ್ನು ಲಾರಿಯವರು ಎಂದೋ ಪಡೆದಿದ್ದಾರೆ. ಕೊಂಕಣ ರೈಲ್ವೆಯಲ್ಲಿ ಲಾರಿಗಳನ್ನು ಹೊತ್ತು ಹೋಗುವ ರೋರೋ ಗಾಡಿ 1999ರಲ್ಲೇ ಶುರುವಾದದ್ದು. ಮುಂದೆ ನಮ್ಮ ಸುರತ್ಕಲ್ಲಿಗೂ ಬಂತು. ಅದರಲ್ಲಿ ಡ್ರೈವರ್ ತನ್ನ ಕ್ಯಾಬಿನ್ನಿನಲ್ಲೇ ಕಾಲು ಚಾಚಿ ಮಲಗಿಕೊಂಡು ಹೋಗುತ್ತಾನೆ. ಮಂಗಳೂರಿಗೆ ಹೋದಾಗ ಒಮ್ಮೆ ಆ ಗಾಡಿ ನೋಡಿದ್ದೆ. ಒಂದು ಲಾರಿಯ ಕಿಟಕಿಯಿಂದ ಎರಡು ಪಾದ ಹೊರಗೆ ಬಂದಿದ್ದವು. ಹೆದ್ದಾರಿಯಲ್ಲಿ ಲಾರಿ ಓಡುತ್ತಿರುವಾಗ ಡ್ರೈವರನ ಪಾದ ಕಿಟಕಿಯಲ್ಲಿ ಕಂಡರೆ ನಾವು ದೇವರ ಹೆಸರು ಹೇಳುತ್ತೇವೆ, ಅವತ್ತು ಹೊಟ್ಟೆಕಿಚ್ಚುಪಟ್ಟೆ.

ಇನ್ನೊಂದು ವಿಚಿತ್ರ ನೋಡಿ. ಕಾರುಗಳು ಹುಟ್ಟಿದ ಕೂಡಲೇ ರೈಲು ಹತ್ತುತ್ತವೆ. ವಯಸ್ಸಾಗಿ ನಿವೃತ್ತಿಯಾದ ಪ್ಯಾಸೆಂಜರ್ ಬೋಗಿಗಳ ಕಿಟಕಿ ಮುಚ್ಚಿ, ಸೀಟು ಕಿತ್ತು, ತುದಿಯಲ್ಲಿ ಬಾಗಿಲಿಟ್ಟು, ಕಾರ್ಖಾನೆಯಿಂದ ಹೊಸ ಕಾರುಗಳನ್ನು ಅದರಲ್ಲಿ ತುಂಬಿಸಿ ಬೆಂಗಳೂರಿಗೆ ತರುತ್ತಾರೆ. ನಾವು ಹಿಂದೊಮ್ಮೆ ಕಡಲೆಕಾಯಿ ತಿಂದು ಸಿಪ್ಪೆ ಬಿಸಾಡಿದ ಬೋಗಿಯಲ್ಲಿ ಈಗ ಕಾರು ಕೂತಿರುತ್ತದೆ, ಟಿಕೆಟ್ ಕಲೆಕ್ಟರನ ಭಯವಿಲ್ಲದೆ. ನಾವು ದುಡ್ಡು ಕೊಟ್ಟು ಕೊಂಡ ದಿನದಿಂದ ಅದರ ರೈಲು ಯೋಗ ಮುಗಿಯಿತು.

ಸ್ಕೂಟರು, ಬೈಕಿಗೆ ಹಾಗಲ್ಲ, ಅವುಗಳಿಗೆ ಮೊದಲಿಂದಲೂ ರೈಲಿನಲ್ಲಿ ಜಾಗ ಇತ್ತು. ನಮ್ಮ ಅಳಿಯನೊಬ್ಬ ಕೆಲಸ ಸಿಕ್ಕಿ ದೂರದ ಊರಿಗೆ ಹೋಗುವಾಗ ಬೈಕನ್ನು ಲಗೇಜ್ ಮಾಡಿದ. ಟ್ಯಾಂಕಿನ ಪೆಟ್ರೋಲು ಖಾಲಿ ಮಾಡಬೇಕು, ಆರ್‌ಸಿ ಪ್ರತಿ ಕೊಡಬೇಕು, ಗೋಣಿ ಸುತ್ತಿಸಬೇಕು. ಗೋಣಿ ಸುತ್ತಿದ ಮೇಲೆ ತನ್ನ ಬೈಕು ಯಾವುದೆಂದು ಅವನಿಗೇ ತಿಳಿಯಲಿಲ್ಲ. ಇಳಿದ ಊರಿನಲ್ಲಿ ಗೋಣಿ ಬಿಚ್ಚಿ, ತನ್ನದೇ ಎಂದು ಖಾತ್ರಿ ಮಾಡಿಕೊಂಡು, ಠೀವಿಯಿಂದ ಹತ್ತಿ ಕೂತು ಕಿಕ್ ಹೊಡೆದನಂತೆ. ಖಾಲಿ ಟ್ಯಾಂಕಿನ ಬೈಕನ್ನು ನೂಕಿಕೊಂಡು, ಭಾಷೆ ಬಾರದ ಊರಿನಲ್ಲಿ ಪೆಟ್ರೋಲ್ ಬಂಕ್ ಹುಡುಕುತ್ತ ಅವನ ಉದ್ಯೋಗಪರ್ವ ಆರಂಭವಾಯಿತು.

ಕಾರು ಸಮೇತ ರೈಲಿನಲ್ಲಿ ನಿದ್ದೆ ಮಾಡಿದವರು ನಮ್ಮ ಕುಟುಂಬದಲ್ಲಿ ಒಬ್ಬಳೇ: ಅಮೆರಿಕದ ವರ್ಜೀನಿಯದಲ್ಲಿರುವ ಅಣ್ಣನ ಮಗಳು. ಅಲ್ಲಿ ಲಾರ್ಟನ್ ಎಂಬಲ್ಲಿಂದ ಫ್ಲಾರಿಡಾದ ಸ್ಯಾನ್‌ಫರ್ಡಿಗೆ ಆಟೋ ಟ್ರೇನ್ ಉಂಟು. 1971ರಲ್ಲಿ ಒಂದು ಖಾಸಗಿ ಕಂಪನಿ ಹಾಕಿದ್ದು, ಹತ್ತು ವರ್ಷದಲ್ಲಿ ದಿವಾಳಿಯಾಗಿ ನಿಂತಿತು. 1983ರಲ್ಲಿ ಆಮ್‌ಟ್ರಾಕ್‌ನವರು ಎಬ್ಬಿಸಿದ ಮೇಲೆ ಇವತ್ತಿಗೂ ಓಡುತ್ತಿದೆ. 855 ಮೈಲಿ, ಅಂದರೆ ಸುಮಾರು 1,375 ಕಿಲೋಮೀಟರು. ನಡುವೆ ಯಾರನ್ನೂ ಹತ್ತಿಸುವುದಿಲ್ಲ, ಇಳಿಸುವುದಿಲ್ಲ. ಸ್ಟೇಷನ್ನಿನಲ್ಲಿ ಕಾರಿನ ಬಾಗಿಲಿಗೆ ಒಂದು ನಂಬರು ಅಂಟಿಸಿ, ಕೀಲಿ ಇಸಕೊಂಡು, ಅವರೇ ಓಡಿಸಿ ಒಳಗೆ ಹಾಕುತ್ತಾರಂತೆ. ಮರುದಿನ ಬೆಳಿಗ್ಗೆ ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ ನಿಂತ ಹಾಗೆ ನಂಬರು ಕೂಗುವುದನ್ನು ಕಾಯುವುದು. ಮೊದಲು ಕೊಟ್ಟವನ ಕಾರು ಮೊದಲು ಬರುತ್ತದೆ ಎಂದೇನಿಲ್ಲ. "ಎಷ್ಟು ಸಾಮಾನು ತೆಗೊಂಡು ಹೋಗಿದ್ದಿ?" ಎಂದು ನಾನು ಮುಖ್ಯ ಪ್ರಶ್ನೆ ಕೇಳಿದೆ. "ಡಿಕ್ಕಿ ಫುಲ್, ಚಿಕ್ಕಪ್ಪ. ಗೆಳತಿಗೆ ಕೊಡ್ಲಿಕ್ಕೆ ಹಪ್ಪಳ, ಸಾಂತಾಣಿ, ಕುಚ್ಚಲಕ್ಕಿ" ಎಂದಳು. ಊರು ಬಿಟ್ಟು ಸಮುದ್ರ ದಾಟಿದರೂ ಹುಡುಗಿ ಕೆಟ್ಟಿಲ್ಲ ಎಂದು ಸಮಾಧಾನವಾಯಿತು.

ಯುರೋಪಿನವರು ಈ ಆಟವನ್ನು ಇನ್ನೂ ಮೊದಲೇ ಆಡಿದ್ದಾರೆ. 1955ರಲ್ಲಿ ಲಂಡನ್ನಿನಿಂದ ಸ್ಕಾಟ್ಲೆಂಡಿನ ಪರ್ತ್‌ಗೆ ಬ್ರಿಟಿಷರು ಕಾರು ಸಮೇತ ಮಲಗಿ ಹೋದರು. ಆಮೇಲೆ ರಸ್ತೆ ಒಳ್ಳೆಯದಾಯಿತು, ವಿಮಾನ ಅಗ್ಗವಾಯಿತು, ಹೆಚ್ಚಿನ ದೇಶಗಳಲ್ಲಿ ಇಂಥ ಗಾಡಿಗಳು ಒಂದೊಂದೇ ನಿಂತವು. ಈ ಲೆಕ್ಕದಲ್ಲಿ ಶಿರಾಡಿ ಮಾರ್ಗ ಹೀಗೆಯೇ ಇರುವವರೆಗೆ ನಮ್ಮಲ್ಲಿ ಕಾರು ರೈಲಿಗೆ ಭವಿಷ್ಯ ಉಜ್ವಲ.

ಹಾಗಾಗಿ ನಾನು ಮನಸ್ಸಿನಲ್ಲೇ ಒಂದು ಗಾಡಿ ಓಡಿಸಿದ್ದೇನೆ: ನೆಟ್ಟಣದಿಂದ ನೆಲಮಂಗಲಕ್ಕೆ. ನೆಲಮಂಗಲ ಯಾಕೆಂದರೆ ಅಲ್ಲಿಗೆ ಇದು ಹೊಸತಲ್ಲ; 2020ರಲ್ಲಿ ಸೊಲ್ಲಾಪುರದ ಹತ್ತಿರದ ಬಾಳೆಗೆ ಲಾರಿ ಹೊತ್ತ ರೋರೋ ಗಾಡಿ ಅಲ್ಲಿಂದಲೇ ಹೊರಟದ್ದು. ನೆಟ್ಟಣ ಯಾಕೆಂದರೆ ಅಲ್ಲಿಂದಲೇ ಘಾಟಿ ಏರುವುದು. ಸಕಲೇಶಪುರದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ. 50 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಹೋಗುವ ಏರು. ನೂಕಲು ಹಿಂದಿನಿಂದಲೂ ಇಂಜಿನ್ ಕೊಡುತ್ತಾರೆ. ಸಿರಿಬಾಗಿಲು, ಯಡಕುಮೇರಿ, ಕಡಗರವಳ್ಳಿ, ದೋಣಿಗಾಲ್ ಎಂದು ಒಂದೊಂದೇ ಸ್ಟೇಷನ್ ಕತ್ತಲೆಯಲ್ಲಿ ಹಿಂದೆ ಸರಿಯುವಾಗ ನಾನು ಹೊದಿಕೆ ಎಳೆದುಕೊಳ್ಳುತ್ತೇನೆ. ನನ್ನ ಕಾರು ಹಿಂದಿನ ವ್ಯಾಗನ್ನಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿಕೊಂಡು ಘಾಟಿ ಏರುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ ಶಿರಾಡಿ ಏರಿದ ಕಾರು ಇಡೀ ತಾಲೂಕಿನಲ್ಲಿ ಇನ್ನೊಂದಿಲ್ಲ.

ಭೂಕುಸಿತದ ಭಯ ರೈಲಿಗೂ ಉಂಟು ಎಂಬುದನ್ನು ನೆನಪಿಸುವ ಮಿತ್ರರು ನನಗಿದ್ದಾರೆ. 2024ರ ಜುಲೈಯಲ್ಲಿ ಯಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣೇ ಜಾರಿ ದಿನಗಟ್ಟಲೆ ಗಾಡಿ ಬಂದ್ ಆದದ್ದು ನಿಜ. ಆದರೆ ಘಾಟಿ ಜರಿದು ನಿಂತರೂ ಮಲಗಿಯೇ ನಿಲ್ಲಬಹುದಲ್ಲ ಎಂಬುದು ನನ್ನ ವಾದ. ಹಸಿವಾದರೆ ಹಿಂದೆ ಡಿಕ್ಕಿ ಉಂಟು.

ಇನ್ನು ಕೊಂಕಣದವರ ಮತ್ತೊಂದು ನಿಯಮ: ಕನಿಷ್ಠ 16 ಕಾರಾದರೂ ಬುಕ್ ಆಗದಿದ್ದರೆ ಗಾಡಿ ಹೊರಡದು. ಅಲ್ಲಿ ಮೊದಮೊದಲು ಗಿರಾಕಿ ಕಡಿಮೆಯಾಗಿ, ನಡುವೆ ನಾಂದಗಾಂವ್ ರೋಡಿನಲ್ಲೂ ಕಾರು ಹತ್ತಿಸುವ ವ್ಯವಸ್ಥೆ ಮಾಡಬೇಕಾಯಿತು. ನಮಗೆ ಆ ಚಿಂತೆ ಇಲ್ಲ. ದೀಪಾವಳಿ ರಜೆ ಮುಗಿದ ಭಾನುವಾರ ಸಂಜೆ ಕಡಬ ಪೇಟೆಯಲ್ಲಿ ನಿಂತರೆ, ಹಿಂದಿನ ಚಕ್ರ ಕುಸಿದು ಮೂತಿ ಮೇಲಾಗಿ ಹೋಗುವ ಬೆಂಗಳೂರು ಕಾರುಗಳು ಹದಿನಾರಲ್ಲ, ಗಾಡಿ ತುಂಬಿ ಮಿಗುವಷ್ಟು ಸಿಗುತ್ತವೆ. ವಾಪಸು ಬರುವ ಗಾಡಿಯೂ ಖಾಲಿ ಬಾರದು. ಮಕ್ಕಳು ಹೊಸತು ಕೊಂಡ ಮೇಲೆ ಉಳಿದ ಮಿಕ್ಸಿ, ಮೊಮ್ಮಗನಿಗೆ ಗಿಡ್ಡವಾದ ಸೈಕಲ್, "ಊರಿನ ಮನೆಗೆ ಆದೀತು" ಎಂಬ ಸರ್ಟಿಫಿಕೇಟ್ ಪಡೆದ ಸೋಫಾ, ನಾವು ಕಳಿಸಿದ ಅಷ್ಟೂ ಡಬ್ಬಗಳು.

ಈ ಯೋಜನೆಯನ್ನು ಬೆಂಗಳೂರಿನ ಮಗನಿಗೆ ಫೋನಿನಲ್ಲಿ ಸವಿಸ್ತಾರ ವಿವರಿಸಿದೆ. ಕೋಲಾಡಿನ ದರವನ್ನೇ ಹಿಡಿದರೂ ಕಾರಿಗೆ 7,875, ನಮ್ಮಿಬ್ಬರಿಗೆ ಎಸಿ ಬರ್ತ್ 1,870, ಒಟ್ಟು 9,745 ರೂಪಾಯಿ. ಡಿಕ್ಕಿಯಲ್ಲಿ ಇಂತಿಂಥದು ಎಂದು ಪಟ್ಟಿಯನ್ನೂ ಓದಿದೆ. ಅವನು ಎಲ್ಲವನ್ನೂ ಕೇಳಿ, ಸ್ವಲ್ಪ ಯೋಚಿಸಿ, "ಅಪ್ಪ, ಕಾರು ಮಾತ್ರ ಬುಕ್ ಮಾಡ್ಲಿಕ್ಕೆ ಆಗುದಿಲ್ವಾ?" ಎಂದ. ನಮಗೆ ಪ್ರಯಾಣದ ಆಯಾಸ ಬೇಡವೆಂದು ಪಾಪ ಹಾಗೆ ಕೇಳಿದ್ದು ಎಂದು ಇವಳು ವಾದಿಸುತ್ತಾಳೆ. 1,870 ರೂಪಾಯಿ ಉಳಿಯುತ್ತದೆ ಎಂಬುದನ್ನಂತೂ ನಾನೂ ಅಲ್ಲಗಳೆಯುವುದಿಲ್ಲ.