ನಾಯಿಗೆ ಕರಾರು, ಅತ್ತೆಗೆ ಎರಡು ವಾರ

ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತ ನಾಯಿಸಮೇತ ಬಾಡಿಗೆಗೆ ಸಿಗುವ ಒಂದು ಬೆಡ್‌ರೂಮಿನ ಮನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಕಂಪನಿಗಳು ನಡೆಸುವ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸು. ಇನ್ನೊಂದು, ಯಾರೋ ಕೊಂಡು ಬಾಡಿಗೆಗೆ ಬಿಟ್ಟ ಕಾಂಡೊ. ಎಡಿಸನ್ ಅಥವಾ ಮೆಟ್ರೊಪಾರ್ಕ್ ರೈಲು ನಿಲ್ದಾಣ ಹತ್ತಿರವಾದಷ್ಟೂ ಬಾಡಿಗೆ ಏರುತ್ತದೆ. ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗುವ ಹೆಂಡತಿಗೆ ರೈಲು ಬೇಕು, ಸಾರು ಮಾಡುವ ಗಂಡನಿಗೆ ಓಕ್ ಟ್ರೀ ರಸ್ತೆಯ ಕರಿಬೇವು ಬೇಕು, ನಾಯಿಗೆ ಹುಲ್ಲು ಬೇಕು. ಮೂರೂ ಒಂದೇ ಕಡೆ ಇರುವ ಮನೆಯ ಬಾಡಿಗೆ ಕೇಳಿದರೆ ಸಾರೇ ಬೇಡ ಅನ್ನಿಸುತ್ತದೆ.

ಕಾಂಡೊ ಮಾಲೀಕರು ಈ ಕಡೆ ಭಾರತೀಯರೇ ಆಗಿರುವುದುಂಟು. ಫೋನಿನಲ್ಲಿ ಅವರ ಮೊದಲ ಪ್ರಶ್ನೆ: 'ವೆಜ್ಜಾ?' ಹೌದೆಂದು ಹೇಳಿ ನಾಯಿಯ ಸಂಗತಿ ಎತ್ತಿದರೆ ಎರಡನೆಯ ಪ್ರಶ್ನೆ: 'ಅದೂ ವೆಜ್ಜಾ?' ಮೊಸರನ್ನ ತಿನ್ನುತ್ತದೆ ಎಂಬ ಉತ್ತರ ಸುಳ್ಳಲ್ಲ. ಕಾರಿನ ಡಿಕ್ಕಿಯಲ್ಲಿರುವ ಕೋಳಿಮಾಂಸದ ಕಾಳಿನ ಮೂಟೆಯ ಬಗ್ಗೆ ಯಾರೂ ಕೇಳಿರುವುದಿಲ್ಲ. ಮಾಲೀಕರು ಒಪ್ಪಿದರೂ ಕೆಲಸ ಆಯಿತೆಂದಲ್ಲ. ನಾಯಿ ಸಾಕುವ ಹಕ್ಕು ಮನೆ ಕೊಂಡವರಿಗಷ್ಟೇ, ಬಾಡಿಗೆದಾರರಿಗಿಲ್ಲ ಎಂಬ ನಿಯಮ ಕೆಲವು ಕಾಂಡೊ ಸಂಘಗಳಲ್ಲಿದೆ.

ಕಾಂಪ್ಲೆಕ್ಸಿನ ಲೀಸಿಂಗ್ ಆಫೀಸಿನವರು ಊಟದ ವಿಚಾರ ಕೇಳುವುದಿಲ್ಲ, ತೂಕ ಕೇಳುತ್ತಾರೆ. ಮಿತಿ ಕೆಲವೆಡೆ 25 ಪೌಂಡ್, ಅಂದರೆ 11 ಕೆಜಿ ಚಿಲ್ಲರೆ, ಕೆಲವೆಡೆ 50. ಲೆಕ್ಕಕ್ಕೆ ಬರುವುದು ಇವತ್ತಿನ ತೂಕವಲ್ಲ, ಪೂರ್ತಿ ಬೆಳೆದ ಮೇಲಿನದು. ಕಂಕುಳಲ್ಲಿ ಇರುಕಿಕೊಂಡು ತಂದ ಲ್ಯಾಬ್ರಡಾರ್ ಮರಿ ಇಲ್ಲೇ ಫೇಲಾಗುತ್ತದೆ. ಪಿಟ್‌ಬುಲ್, ರಾಟ್‌ವೀಲರ್, ಡಾಬರ್‌ಮನ್ ತಳಿಗಳಿಗೆ ಬಹಳ ಕಡೆ ಪ್ರವೇಶವೇ ಇಲ್ಲ. ಅದಕ್ಕೆ ವಿಮೆ ಕಂಪನಿಯ ಕಡೆ ಬೊಟ್ಟು ಮಾಡಲಾಗುತ್ತದೆ. ಪಾಸಾದ ನಾಯಿಗೆ ಅರ್ಜಿ, ಫೋಟೊ, ಪಶುವೈದ್ಯರ ಪತ್ರ ಬೇಕು. ನ್ಯೂಜೆರ್ಸಿಯಲ್ಲಿ 7 ತಿಂಗಳು ತುಂಬಿದ ನಾಯಿಗೆ ಊರಾಡಳಿತದ ಲೈಸೆನ್ಸ್ ಕಡ್ಡಾಯ. ರೇಬಿಸ್ ಲಸಿಕೆಯ ದಾಖಲೆ ಇಲ್ಲದೆ ಅದು ಸಿಗದು. ಬೋಂಡ ಎಂದು ಹೆಸರಿಟ್ಟ ನಾಯಿ ಇಷ್ಟು ಕಾಗದ ದಾಟಿ ಕರಾರು ಸೇರುವ ಹೊತ್ತಿಗೆ ಹೋಂಡಾ ಆಗಿರುವ ಸಂಭವವಿದೆ. ತಿದ್ದಿಸಲು ಹೋಗದಿರುವುದೇ ಲೇಸು, ಮತ್ತೆ ಮೊದಲಿನಿಂದ ಅರ್ಜಿ ತುಂಬಿಸಿಯಾರು.

ದುಡ್ಡಿನ ವಿಚಾರ. ಈ ರಾಜ್ಯದ ಕಾನೂನಿನಂತೆ ಠೇವಣಿ ಒಂದೂವರೆ ತಿಂಗಳ ಬಾಡಿಗೆ ಮೀರುವಂತಿಲ್ಲ, ನಾಯಿಯ ಠೇವಣಿಯೂ ಅದರೊಳಗೇ ಬರಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಬಂದವರಿಗೆ ಇದು ಧರ್ಮಛತ್ರದಂತೆ ಕಾಣುತ್ತದೆ, ಪೆಟ್ ರೆಂಟ್ ಎಂಬ ಸಾಲು ಕಣ್ಣಿಗೆ ಬೀಳುವವರೆಗೆ. ತಿಂಗಳಿಗೆ 25ರಿಂದ 75 ಡಾಲರ್ ಕೇಳುವುದು ಸಾಮಾನ್ಯ. ಕೊಡುವ ಕಾರಣ ಕಾರ್ಪೆಟ್ಟು ಮತ್ತು ವಾಸನೆ. ಇಂಗಿನ ಒಗ್ಗರಣೆ ನಾಯಿಗಿಂತ ಗಟ್ಟಿಯಾಗಿ ಗೋಡೆ ಹಿಡಿಯುತ್ತದೆ, ಆದರೆ ಅದಕ್ಕೆ ಶುಲ್ಕವಿಲ್ಲ. ಆಫೀಸಿಗೆ ಇದು ತಿಳಿಯದಿರುವುದು ಕನ್ನಡಿಗರ ಪುಣ್ಯ.

ನಿಜವಾದ ತೊಡಕು ಇರುವುದು ಕರಾರಿನ ಒಳಪುಟದಲ್ಲಿ, ಅತಿಥಿಗಳ ಕಲಮಿನಲ್ಲಿ. 14 ದಿನಕ್ಕಿಂತ ಹೆಚ್ಚು ಯಾರೂ ತಂಗುವಂತಿಲ್ಲ ಎಂದು ಅನೇಕ ಕರಾರುಗಳು ಹೇಳುತ್ತವೆ. ಶಿವಮೊಗ್ಗದಿಂದ ಬಂದಿಳಿದ ಅತ್ತೆ ಮಾವನಿಗೆ ಅಮೆರಿಕ ಸರ್ಕಾರ ಸಾಮಾನ್ಯವಾಗಿ ಆರು ತಿಂಗಳು ಕೊಟ್ಟಿರುತ್ತದೆ. ಅಪಾರ್ಟ್‌ಮೆಂಟು ಕೊಡುವುದು ಎರಡೇ ವಾರ. ಹೆಸರು, ಫೋಟೊ, ತೂಕದ ಸಮೇತ ಆ ಮನೆಯಲ್ಲಿ ಹಕ್ಕಿನಿಂದ ಇರುವುದು ನಾಯಿ.

ಬೆಡ್‌ರೂಮು ಹಿರಿಯರಿಗೆ, ಹಾಲ್ ಗಂಡ ಹೆಂಡಿರಿಗೆ, ಸೋಫಾ ನಾಯಿಗೆ ಎಂದು ಹಂಚಿಕೆಯೇನೋ ಆಗುತ್ತದೆ. ಅಡುಗೆಮನೆಗೂ ಹಾಲ್‌ಗೂ ನಡುವೆ ಗೋಡೆ ಇಲ್ಲ. 'ಅದನ್ನ ಒಲೆ ಹತ್ರ ಬಿಡಬೇಡಮ್ಮ' ಎಂದು ಅತ್ತೆ ಹೇಳಿದ ಮೇಲೆ, ಕಾರ್ಪೆಟ್ ಮುಗಿದು ಲಿನೋಲಿಯಂ ಶುರುವಾಗುವ ಗೆರೆಯೇ ಮಡಿಯ ಗಡಿ. ನಾಯಿ ಅದನ್ನು ಕೆಲವೇ ದಿನದಲ್ಲಿ ಕಲಿಯುತ್ತದೆ. ಬೆಳಗಿನ ವಾಕಿಂಗ್ ಮುಗಿಸಿ ಶೂ ಕಾಲಲ್ಲೇ ಕಾಫಿ ಕೇಳಲು ಬರುವ ಮಾವ ಕಲಿಯುವುದಿಲ್ಲ.

ಸಹಿ ಹಾಕುವ ಮೊದಲೇ ಹಿರಿಯರು ಬರುವುದನ್ನು ತಿಳಿಸಿ, ಆರು ತಿಂಗಳಿಗೆ ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ. ಅತ್ತೆ ಮಾವನಿಗೆ ಪೆಟ್ ರೆಂಟಿನಂಥ ತಿಂಗಳ ಶುಲ್ಕ ಸದ್ಯಕ್ಕಿಲ್ಲ.